ಕೇಳಿಸದ ಹಾಗೆ ಸಾರುವುದು

ಇಸ್ತ್ರಿಯಾಕೆ ಗುಡುಗಣ್ಣನ ವಿಷಯ ಮೊದಲು ಕೇಳಿದ್ದು ಮದುವೆಯಾಗಿ ಆ ಬೀದಿಗೆ ಬಂದ ದಿನವೇ. ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುವುದನ್ನು ತೋರಿಸುತ್ತ ಅತ್ತೆ ಹೇಳಿದಳು: "ಎದುರು ಮನೆಯವನ ಹತ್ತಿರ ಗುಟ್ಟಿನ ಮಾತು ಆಡಬೇಡ ಕಣೇ. ಮನುಷ್ಯ ಚಿನ್ನ. ಆದರೆ ಪಿಸುಮಾತು ಅನ್ನೋದು ಅವನ ಗಂಟಲಲ್ಲಿ ಹುಟ್ಟೇ ಇಲ್ಲ."

ಅಷ್ಟರಲ್ಲಿ ಎದುರು ಮನೆಯೊಳಗಿಂದ "ಉಪ್ಪು ಸಾಲದು!" ಎಂದು ಗುಡುಗಿತು. ಅವನ ಹೆಂಡತಿ ಏಳುವ ಮೊದಲೇ ಪಕ್ಕದ ಮನೆಯಾಕೆ ಉಪ್ಪಿನ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಗುಡುಗಣ್ಣ ಪುರಸಭೆಯಲ್ಲಿ ಸಾರುವವನು. ಮೂಲೆಮೂಲೆಗೆ ನಿಂತು ತಮಟೆ ಬಡಿದು, "ಕೇಳ್ರಪ್ಪೋ ಕೇಳಿ" ಎಂದರೆ ಮಲಗಿದ ನಾಯಿಯೂ ಎದ್ದು ಕೂರುತ್ತಿತ್ತು. ನಲ್ಲಿ ಒಣಗಿ ಎರಡು ದಿನವಾದ ಮೇಲೆ "ನಾಳೆಯಿಂದ ನೀರು ನಿಲ್ಲುತ್ತದೆ" ಎಂದು ಸಾರಿದ್ದೂ ಉಂಟು.

"ಮತ್ತೆ ಯಾವಾಗ ಬರುತ್ತಣ್ಣ?" ಎಂದು ಇಸ್ತ್ರಿಯಾಕೆ ಕೇಳಿದರೆ ಅವನಿಗೆ ಇರಿಸುಮುರಿಸು.

"ಅದು ಹೇಳೋರ ಕೆಲಸ, ತಂಗಿ. ನಾನು ಸಾರೋನು."

"ಎರಡೂ ಒಂದೇ ಅಲ್ವಾ?"

"ಎಲ್ಲಿ ಒಂದೇ? ಹೇಳಿದ್ರೆ ನೀನು ತಿರುಗಿ ಕೇಳಬಹುದು. ಸಾರಿದ್ರೆ ಸುಮ್ನೆ ಒಳಗೆ ಹೋಗಬೇಕು!"

ಕಾಲ ಹೀಗೇ ಉರುಳಿತು. ಗಂಡ ತೀರಿಕೊಂಡ ಮೇಲೆ ಇಸ್ತ್ರಿಯಾಕೆಗೆ ಉಳಿದದ್ದು ರಸ್ತೆ ಬದಿಯ ಇಸ್ತ್ರಿ ಗೂಡಂಗಡಿಯೊಂದೇ. ಆಗಲೇ ಪುರಸಭೆಯವರಿಗೆ ರಸ್ತೆ ಅಗಲ ಮಾಡುವ ಆಸೆ ಹುಟ್ಟಿತು. ಅಧ್ಯಕ್ಷರ ಭಾವಮೈದುನನಿಗೆ ಅಲ್ಲೇ ಮಳಿಗೆ ಕಟ್ಟುವ ಆಸೆ ಹುಟ್ಟಿದ್ದೂ ಅದೇ ತಿಂಗಳು.

ಒಂದು ಸಂಜೆ ಗುಡುಗಣ್ಣ ಮಡಿಕೆ ಮುರಿಯದ ಅಂಗಿಯನ್ನೇ ಇಸ್ತ್ರಿಗೆ ತಂದ. ಅತ್ತಿತ್ತ ನೋಡಿ, ಅಂಗಡಿಯೊಳಕ್ಕೆ ತಲೆ ತೂರಿಸಿ, ಬಾಯಿಗೆ ಕೈ ಅಡ್ಡ ಹಿಡಿದು, ಜನ್ಮದಲ್ಲಿ ಮೊದಲ ಸಲ ಪಿಸುಗುಟ್ಟಲು ನೋಡಿದ.

"ತಂಗಿ, ನಿನಗೊಬ್ಬಳಿಗೇ ಹೇಳ್ತಿದೀನಿ. ಈ ಸಾಲಿನ ಅಂಗಡಿಯೆಲ್ಲ ಕೀಳ್ತಾರೆ. ಇವತ್ತು ಮಧ್ಯಾಹ್ನ ಸಾರಿಬಿಟ್ಟೆ."

"ಎಲ್ಲಿ ಸಾರಿದೆ? ನಮಗ್ಯಾರಿಗೂ ಕೇಳಿಸಲೇ ಇಲ್ಲ!"

"ಪಾತ್ರೆ ಬಡಿಯೋರ ಓಣಿಯಲ್ಲಿ. ಹೆಡ್ ಗುಮಾಸ್ತರ ಅಪ್ಪಣೆ. 'ಸಾರಿದ ಹಾಗಾಗಬೇಕು, ಕೇಳಿಸಿದ ಹಾಗಾಗಬಾರದು' ಅಂದ್ರು. ಆ ಸುತ್ತಿಗೆ ಸದ್ದಲ್ಲಿ ನನ್ನ ತಮಟೆ ನನಗೇ ಕೇಳಿಸಲಿಲ್ಲ. ತಕರಾರಿದ್ರೆ ನಾಳೆ ಸಂಜೆಯೊಳಗೆ ಹೇಳಬೇಕು. ನಾನು ಹೇಳ್ದೆ ಅಂತ ಯಾರಿಗೂ ಹೇಳಬೇಡ, ಕೆಲಸ ಹೋಗುತ್ತೆ."

ಇಸ್ತ್ರಿಯಾಕೆ ತಲೆ ಎತ್ತಿದಳು. ಅವನ ಬೆನ್ನ ಹಿಂದೆ ಕ್ಷೌರಿಕ ಕತ್ತಿ ಹಿಡಿದೇ ನಿಂತಿದ್ದ, ಅರ್ಧ ಗಡ್ಡದ ಗಿರಾಕಿಯೂ ಜೊತೆಗೆ. ಚಮ್ಮಾರ, ಬೀಗ ರಿಪೇರಿಯವ, ಹೂವಿನಾಕೆ, ಸಾಲಿಗೆ ಸಾಲೇ ಬಂದು ನೆರೆದಿತ್ತು.

"ಅಯ್ಯೋ ಅಣ್ಣಾ," ಎಂದಳು ಅವಳು, "ಇದೇನಾ ನಿನ್ನ ಪಿಸುಮಾತು?"

ಮರುದಿನ ಬೆಳಿಗ್ಗೆ ಪುರಸಭೆಯ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರಲಿಲ್ಲ.

"ನಿಮಗೆ ಯಾರು ಹೇಳಿದ್ದು?" ಹೆಡ್ ಗುಮಾಸ್ತರು ಕೆಂಡವಾದರು.

"ಯಾರೂ ಹೇಳಲಿಲ್ಲ ಸ್ವಾಮಿ," ಎಂದಳು ಇಸ್ತ್ರಿಯಾಕೆ. "ನೀವೇ ಸಾರಿಸಿದ್ರಲ್ಲ? ಕೇಳಿಸಿತು, ಬಂದ್ವಿ."

ಕೇಳಿಸಬಾರದಿತ್ತು ಎಂದು ಗುಮಾಸ್ತರು ಯಾವ ಬಾಯಿಂದ ಹೇಳಿಯಾರು? ಸಾರುವವನ ಮಾತು ಜನಕ್ಕೆ ಕೇಳಿಸಿತೆಂದು ಅವನನ್ನು ಕೆಲಸದಿಂದ ತೆಗೆಯುವ ಕಾನೂನೂ ಇರಲಿಲ್ಲ. ಎಲ್ಲರ ತಕರಾರನ್ನೂ ಬರೆದುಕೊಳ್ಳಲೇಬೇಕಾಯಿತು, ಅಂಗಡಿಗಳು ಉಳಿದವು. ಗುಡುಗಣ್ಣನಿಗೆ ಶಾಲು ಹೊದಿಸಿ, ತಮಟೆ ಕಿತ್ತುಕೊಂಡು, ಗೋದಾಮಿನ ಕಾವಲಿಗೆ ಕೂರಿಸಿದರು. ಅಲ್ಲಿ ಅವನ ಗುಡುಗು ಕೇಳಲು ಹೆಗ್ಗಣ ಬಿಟ್ಟರೆ ಯಾರಿದ್ದಾರೆ?

ಕೊನೆಗಾಲದಲ್ಲಿ ಅವನ ಗಂಟಲಿಗೇ ಕಾಯಿಲೆ ಬಂತು. ಉಪ್ಪು ಬೇಕೆಂದರೆ ಪಕ್ಕದಲ್ಲಿದ್ದ ಹೆಂಡತಿಗೂ ಕೇಳಿಸದು. ಒಗೆದು ಇಸ್ತ್ರಿ ಮಾಡಿದ ಹೊದಿಕೆ ಕೊಡಲು ಹೋದ ಇಸ್ತ್ರಿಯಾಕೆಯನ್ನು ಅವನು ಸನ್ನೆ ಮಾಡಿ ಹತ್ತಿರ ಕರೆದ. ಅವಳು ಅವನ ಬಾಯಿಗೆ ಕಿವಿ ಇಟ್ಟಳು.

"ನಾನು ಹೋದ ಮೇಲೆ ಆ ಸುದ್ದೀನ ಆಫೀಸಿನವರು ಸಾರಿಸ್ತಾರೆ, ತಂಗಿ. ಪಾತ್ರೆ ಓಣಿಯಲ್ಲೇ ಸಾರಿಸ್ತಾರೆ, ನಂಗೊತ್ತು. ನೀನು ಮನೆಮನೆಗೂ ಹೋಗಿ ಹೇಳ್ತೀಯಾ? ಯಾರಾದ್ರೂ ತಿರುಗಿ ಏನಾದ್ರೂ ಕೇಳಿದ್ರೆ, ನಿಂತು ಉತ್ತರ ಕೊಟ್ಟು ಬಾ."