ಬಸ್ರಾದಲ್ಲಿ ಉಳಿದ ಅಜ್ಜ

ಅಮ್ಮ ತನ್ನ ತಂದೆಯನ್ನು ನೋಡಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಯ ಲಾರಿ ಓಡಿಸಲು ಅಜ್ಜ ಕಾರ್ಕಳದಿಂದ ಹೊರಟಾಗ ಅವಳಿನ್ನೂ ಹೊಟ್ಟೆಯಲ್ಲಿದ್ದಳು. ಅವಳಿಗೆ ಹಲ್ಲು ಬರುವ ಹೊತ್ತಿಗೆ ಒಂದು ಕಾಗದ ಬಂತು. ಇರಾಕಿನ ಬಸ್ರಾದಲ್ಲಿ ಕರ್ತವ್ಯದಲ್ಲಿದ್ದಾಗ ಮೃತಪಟ್ಟಿದ್ದಾರೆ, ಅಲ್ಲಿಯೇ ಹೂಳಲಾಗಿದೆ ಎಂದಿತ್ತು. ಅಜ್ಜಿ ಮತ್ತೆ ಮದುವೆಯಾಗಿ ಮಗಳೊಂದಿಗೆ ಕಾಪುವಿಗೆ ಬಂದರು. ಆಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ.

ಎರಡು ವರ್ಷದ ಹಿಂದೆ ಮಣಿಪಾಲದಲ್ಲಿ ಅಮ್ಮನ ಕಣ್ಣಿನ ಪೊರೆ ತೆಗೆಸಿ ಕರೆದುಕೊಂಡು ಬರುತ್ತಿದ್ದೆ. ಅವಳಿಗೆ ಆಗಲೇ ಎಂಬತ್ತು ದಾಟಿತ್ತು. ಉಡುಪಿ ದಾಟಿದ ಮೇಲೆ ಕೇಳಿದಳು, "ಪುತಾ, ಅಪ್ಪನನ್ನು ಹೂತ ಜಾಗದ ಒಂದು ಫೋಟೋ ಸಿಗಬಹುದಾ? ಈಗ ಕಣ್ಣು ಕಾಣ್ತದೆ."

ಪ್ರತಿ ನವೆಂಬರಿನಲ್ಲಿ, ಸತ್ತವರ ದಿನ, ಅವಳು ತನ್ನನ್ನು ಸಾಕಿದ ಎರಡನೇ ಅಪ್ಪನ ಸಮಾಧಿ ತೊಳೆದು ಹೂ ಇಟ್ಟು ಮೇಣದಬತ್ತಿ ಹಚ್ಚುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. "ಸಾಕಿದ ಅಪ್ಪ ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು" ಎಂದಳು. "ಆದರೆ ಹೆತ್ತ ಅಪ್ಪನಿಗೆ ಯಾರೂ ಒಂದು ಹೂ ಇಟ್ಟಿಲ್ಲ, ಅಲ್ವಾ."

ಅಜ್ಜಿಯ ಪೆಟ್ಟಿಗೆಯಲ್ಲಿ ಆ ಕಾಗದ ಇನ್ನೂ ಇತ್ತು. ನಾಲ್ಕು ಮಡಿಕೆಯಾಗಿದ್ದ ಅದನ್ನು ಬಿಡಿಸಿದರೆ, ಅಜ್ಜನ ಸೇನಾ ಸಂಖ್ಯೆಯ ಕೊನೆಯ ಎರಡು ಅಂಕಿಗಳು ಮಡಿಕೆ ಸವೆದಲ್ಲಿ ಉದುರಿಹೋಗಿದ್ದವು. ಯುದ್ಧದಲ್ಲಿ ಮಡಿದವರ ದಾಖಲೆ ನೋಡಿಕೊಳ್ಳುವ ಕಚೇರಿಗೆ ಬರೆದೆ. ಅದೇ ಹೆಸರಿನ, ಅದೇ ಅಡ್ಡಹೆಸರಿನ ಸೈನಿಕರು ಹಲವರಿದ್ದಾರೆ, ಪೂರ್ತಿ ಸಂಖ್ಯೆ ಇಲ್ಲದೆ ಗುರುತಿಸಲಾಗದು ಎಂದು ಉತ್ತರ ಬಂತು. ನಾನು ನಿವೃತ್ತ ಲೆಕ್ಕದ ಮೇಷ್ಟ್ರು. ಎರಡು ಅಂಕಿ ಹೋದರೆ ನೂರು ಸಾಧ್ಯತೆ ಅಷ್ಟೇ ಎಂದು ನೂರು ಸಂಖ್ಯೆಗಳನ್ನೂ ಬರೆದು ಕಳುಹಿಸಿದೆ. ತಿಂಗಳುಗಟ್ಟಲೆ ಸುದ್ದಿ ಇರಲಿಲ್ಲ.

ಅಷ್ಟರಲ್ಲಿ ನೆರೆಮನೆಯವರ ಅಳಿಯ ಬಸ್ರಾ ಹತ್ತಿರದ ಎಣ್ಣೆ ಕಂಪನಿಯೊಂದರಲ್ಲಿ ಕ್ರೇನ್ ಓಡಿಸುತ್ತಾನೆಂದು ಗೊತ್ತಾಯಿತು. ಉಡುಪಿ ಕಡೆಯ ಹುಡುಗ. ಕೇಳಿದ ಕೂಡಲೇ ಒಪ್ಪಿದ. ಒಂದು ಶುಕ್ರವಾರ, ರಜೆಯ ದಿನ, ಅಲ್ಲಿನ ಯುದ್ಧ ಸ್ಮಶಾನದಿಂದಲೇ ವಿಡಿಯೋ ಕರೆ ಮಾಡಿದ. ಅಮ್ಮ ಸೀರೆ ಬದಲಿಸಿ ಕೂತಿದ್ದಳು.

"ಬಾಯಮ್ಮ, ಇಲ್ಲಿ ಸಮಾಧಿ ಕಲ್ಲುಗಳೇ ಇಲ್ಲ" ಎಂದ ಅವನು ಅಮ್ಮನಿಗೆ. ಪರದೆಯ ಮೇಲೆ ಉಪ್ಪಿನಿಂದ ಬಿಳಿಚಿದ ಬಯಲು, ಮುರಿದ ಗೋಡೆಯ ತುಂಡು. "ಇಲ್ಲಿಯ ಉಪ್ಪು ಮಣ್ಣಿನಲ್ಲಿ ಕಲ್ಲು ನಿಲ್ಲುವುದಿಲ್ಲವಂತೆ. ಹೆಸರಿದ್ದ ಪಟ್ಟಿ ಯಾರ ಹತ್ತಿರವೂ ಇಲ್ಲ ಅಂತಾನೆ ಕಾವಲಿನವನು."

ಅಮ್ಮ ಫೋನನ್ನು ಕಣ್ಣಿನ ಹತ್ತಿರ ತಂದಳು. "ಯಾವ ಬದಿಗೆ ಇರಬಹುದು?"

"ಎಂತ ಹೇಳುವುದು ಬಾಯಮ್ಮ, ನನಗೆ ಗೊತ್ತಾಗುವುದಿಲ್ಲ. ಹೂ ತಂದಿದ್ದೇನೆ. ಎಲ್ಲಿಡಲಿ?"

ಅವಳು ನನ್ನ ಮುಖ ನೋಡಿದಳು. ಅವನು ಬಿಸಿಲಲ್ಲಿ ಹೂ ಹಿಡಿದುಕೊಂಡು ಕಾಯುತ್ತಲೇ ಇದ್ದ. ಕೊನೆಗೆ ಅಮ್ಮ, "ಆ ಮಗುವಿಗೆ ಬಿಸಿಲು ತಾಗ್ತದೆ. ಎಲ್ಲಿಯಾದರೂ ಇಟ್ಟು ಹೋಗಲಿಕ್ಕೆ ಹೇಳು" ಎಂದಳು.

ಕಚೇರಿಯ ಎರಡನೇ ಉತ್ತರ ಕಳೆದ ಮಳೆಗಾಲದಲ್ಲಿ ಬಂತು. ನಾನು ಕಳುಹಿಸಿದ ಸಂಖ್ಯೆಗಳಲ್ಲಿ ಯಾವುದೂ ಅವರಲ್ಲಿ ಉಳಿದಿರುವ ದಾಖಲೆಗಳಲ್ಲಿ ಇಲ್ಲ, ಹೆಚ್ಚಿನ ಹುಡುಕಾಟ ಸಾಧ್ಯವಿಲ್ಲ ಎಂದಿತ್ತು. ಬಚ್ಚಿಡೋಣವೆಂದುಕೊಂಡೆ, ಆಗಲಿಲ್ಲ. ಅಮ್ಮನ ಎದುರು ಕೂತು ಕನ್ನಡದಲ್ಲಿ ವಿವರಿಸಿ, ಮತ್ತೆ ನಮ್ಮ ಮನೆಮಾತು ಕೊಂಕಣಿಯಲ್ಲಿ ಹೇಳಿದೆ.

ಪೂರ್ತಿ ಕೇಳಿಸಿಕೊಂಡಳು. "ಪ್ರಾಣ ಹೋಗುವಾಗ ಹತ್ತಿರ ಯಾರಾದರೂ ಇದ್ದರಾ ಅಂತ ಬರೆದಿದ್ದಾರಾ?"

"ಇಲ್ಲ ಅಮ್ಮ."

"ನಾನು ಹುಟ್ಟಿದ್ದು ಅವರಿಗೆ ಗೊತ್ತಿತ್ತಾ?"

ಅದನ್ನು ಯಾವ ಕಚೇರಿಗೆ ಬರೆದು ಕೇಳುವುದೋ ನನಗೆ ತಿಳಿಯಲಿಲ್ಲ. ಕಚೇರಿಯ ಉತ್ತರವನ್ನು ಮಡಚಿ ಅಜ್ಜಿಯ ಪೆಟ್ಟಿಗೆಯಲ್ಲಿ, ಆ ಹಳೆಯ ಕಾಗದದ ಪಕ್ಕ ಇಟ್ಟೆ.