ಬೆಳ್ಳಿಹೂವಿನ ಕೋವಿ

ನಮ್ಮ ಸೋದರತ್ತೆ ಪುಟ್ಟಬಸಮ್ಮನಿಗೆ ಐದು ಜನ ಸವತಿಯರಿದ್ದರು, ಐದೂ ಕೋವಿಗಳು. ಇದು ನನ್ನ ಮಾತಲ್ಲ, ಅವಳೇ ಗಂಡನ ಎದುರಿಗೆ ಆಡುತ್ತಿದ್ದ ಮಾತು. ಮಾವ ಸದಾಶಿವಪ್ಪನವರು ಕೊಳ್ಳೇಗಾಲದ ರೇಷ್ಮೆ ವ್ಯಾಪಾರಸ್ಥರು. ದಿನಾ ಲಿಂಗಪೂಜೆಯಾಗದೆ ಹನಿ ನೀರು ಮುಟ್ಟುತ್ತಿರಲಿಲ್ಲ. ಅಂಥವರಿಗೆ ಬೇಟೆಯ ಹುಚ್ಚು ಎಲ್ಲಿಂದ ಅಂಟಿತೋ ಶಿವನೇ ಬಲ್ಲ. ಹೊಡೆದದ್ದನ್ನು ತಿನ್ನುವವರೂ ಅಲ್ಲ, ಕಾಡಂಚಿನ ಊರಿನವರಿಗೆ ಹಂಚಿ ಬರುತ್ತಿದ್ದರು. ತಿನ್ನದವರು ಕೊಲ್ಲುವುದೇಕೆ ಎಂದು ಅತ್ತೆ ಕೇಳಿದಾಗಲೆಲ್ಲ ಅವರು ಎದ್ದು ಹೋಗಿ ಕೋವಿಯ ನಳಿಗೆ ಒರೆಸುತ್ತಿದ್ದರು.

ಅತ್ತೆಯೂ ಸುಮ್ಮನಿರುವ ಹೆಂಗಸಲ್ಲ. ಬೇಟೆಯಿಂದ ಬಂದ ಗಂಡ ಹಿತ್ತಲ ಬಾವಿಯಲ್ಲಿ ತಲೆಗೆ ನೀರು ಹುಯ್ದುಕೊಂಡೇ ಒಳಗೆ ಬರಬೇಕು. ಆಯುಧಪೂಜೆಯ ದಿನ ಮಗ್ಗಕ್ಕೆ, ತಕ್ಕಡಿಗೆ, ಕೊನೆಗೆ ಈಳಿಗೆಮಣೆಗೂ ತನ್ನ ಕೈಯಾರೆ ವಿಭೂತಿ ಹಚ್ಚುತ್ತಿದ್ದಳು. ಕೋವಿಗಳಿಗೆ ಮಾತ್ರ ಮಾವನೇ ಹಚ್ಚಿಕೊಳ್ಳಬೇಕಾಗಿತ್ತು. ನಾನು ಓದಿಗೆಂದು ಅವರ ಮನೆಯಲ್ಲಿದ್ದವಳು, ಈ ಜಗಳಗಳನ್ನು ಊಟದ ಜೊತೆಗೆ ನೆಂಚಿಕೊಂಡು ಬೆಳೆದೆ.

ಐವತ್ತಮೂರನೇ ಇಸವಿಯ ದೀಪಾವಳಿ ಕಳೆದ ಮೇಲೆ ಮಾವ ಎದೆನೋವೆಂದು ಮಲಗಿದವರು ಏಳಲಿಲ್ಲ. ಮಕ್ಕಳಿಲ್ಲದ ಮನೆ, ಎಲ್ಲವೂ ಅತ್ತೆಯ ಪಾಲಿಗೆ ಬಂತು, ಕೋವಿಗಳೂ ಬಂದವು. ಸತ್ತವರ ಲೈಸೆನ್ಸು ಅವರೊಂದಿಗೇ ಹೋಗುತ್ತದೆ. ಕೋವಿಗಳನ್ನು ಪೊಲೀಸ್ ಠಾಣೆಯಲ್ಲಿಟ್ಟು, ಲೈಸೆನ್ಸ್ ಇದ್ದವರಿಗೆ ಮಾತ್ರ ಮಾರಬಹುದು. ಇದರ ಮೇಲೆ ಆ ವರ್ಷವೇ ಸರ್ಕಾರ ಹೊಸ ಕಾಯಿದೆ ಮಾಡಿತ್ತು. ಇದ್ದವರು ಸತ್ತರೆ ಆಸ್ತಿಗೆಲ್ಲ ಬೆಲೆ ಕಟ್ಟಿ, ಅದರಲ್ಲಿ ಒಂದು ಪಾಲು ತೆರಿಗೆ ಕಟ್ಟಬೇಕು. ಸಾವಿನ ತೆರಿಗೆ ಎಂದು ಪೇಟೆಯಲ್ಲಿ ಅದಕ್ಕೆ ಹೆಸರಾಗಿತ್ತು.

ಮಾವನ ತಮ್ಮ ಗುರುಮಲ್ಲಪ್ಪ ಯಳಂದೂರಿನ ಕಡೆಯ ಹೊನ್ನೂರಿನವರು. ಶಿವಗಣಾರಾಧನೆ ಮುಗಿದ ಮಾರನೆಯ ದಿನವೇ ಹುಲ್ಲು ತುಂಬಿದ ಗಾಡಿ ಹೊಡೆದುಕೊಂಡು ಬಂದು ಬಾಗಿಲಲ್ಲಿ ನಿಲ್ಲಿಸಿದರು. ಕೊಳ್ಳೇಗಾಲ ಮದ್ರಾಸ್ ಸೀಮೆ, ಯಳಂದೂರಿನ ಕಡೆ ಹೊರಳಿದರೆ ಮೈಸೂರು ಸೀಮೆ. ಕೋವಿಗಳನ್ನು ಹುಲ್ಲಿನಡಿ ಇಟ್ಟು ಗಡಿ ದಾಟಿಸಿಬಿಟ್ಟರೆ ಮದ್ರಾಸಿನ ತೆರಿಗೆ ಅಲ್ಲಿಗೆ ಬರುವುದಿಲ್ಲವೆಂಬುದು ಅವರ ಲೆಕ್ಕ. ಈ ತೆರಿಗೆ ದಿಲ್ಲಿಯದು, ದಿಲ್ಲಿಗೆ ಎರಡು ಸೀಮೆಯೂ ಒಂದೇ ಎಂದು ನಾನು ಪತ್ರಿಕೆ ತೋರಿಸಿದೆ. ಹೆಣ್ಣುಮಕ್ಕಳು ಪತ್ರಿಕೆ ಓದಿದರೆ ಮನೆಗೆ ಶನಿ ಎಂದರು. ಅತ್ತೆ ಗಾಡಿಯ ಎತ್ತುಗಳಿಗೆ ನೀರು ಕುಡಿಸಿ, ಮೈದುನನಿಗೆ ಊಟ ಬಡಿಸಿ, ಬಂದ ಹುಲ್ಲಿನ ಸಮೇತ ವಾಪಸು ಕಳಿಸಿದಳು. ಸಂಜೆ ಐದು ಕೋವಿಗಳೂ ಠಾಣೆ ಸೇರಿದವು. ಪೀಡೆ ತೊಲಗಿತು ಎಂದಳು. ಆಮೇಲೆ ಅವು ನೇತಾಡುತ್ತಿದ್ದ ಗೋಡೆಯ ಗೂಟಗಳನ್ನು ನೋಡಿ ಅತ್ತಳು.

ಪೀಡೆ ತೊಲಗಿರಲಿಲ್ಲ. ಐದರಲ್ಲಿ ನಾಲ್ಕು ವಿಲಾಯಿತಿ ಕೋವಿಗಳು. ಐದನೆಯದು ನಳಿಗೆಯ ಬಾಯಿಂದ ಮದ್ದು ತುಂಬಿ ಗಜವೆಂಬ ಸಲಾಕೆಯಲ್ಲಿ ಜಡಿಯುವ ನಾಡಕೋವಿ, ಹಿಡಿಯ ಮೇಲೆ ಬೆಳ್ಳಿಯ ಹೂಬಳ್ಳಿ ಕೂರಿಸಿದ್ದು. ಹನೂರಿನಾಚೆ ಕಾಡಂಚಿನಲ್ಲಿ ಹೊಲ ಮಾಡಿಕೊಂಡಿದ್ದ ಚಿಕ್ಕಮಾದಯ್ಯ ಮಾವನಿಗೆ ಬೇಟೆಯಲ್ಲಿ ದಾರಿ ತೋರುತ್ತಿದ್ದವನು. ರಾಗಿ ತೆನೆ ಕಟ್ಟಿದಾಗಿನಿಂದ ಕಣ ಸೇರುವತನಕ ಮಾವನ ಲೈಸೆನ್ಸಿನ ಮೇಲೆ ಆ ನಾಡಕೋವಿ ಅವನ ಹೊಲ ಕಾಯುವ ಅಟ್ಟಣೆಯಲ್ಲಿರುತ್ತಿತ್ತು. ಮಾವ ಹೋದ ವರ್ಷ, ಸುದ್ದಿ ಕೇಳಿ ಅವನೇ ತಂದೊಪ್ಪಿಸಿದ್ದ ಆ ಕೋವಿಯೂ ಠಾಣೆಯಲ್ಲಿತ್ತು. ಗಂಡಹೆಂಡಿರು ತಮಟೆ, ಪಂಜು ಹಿಡಿದು ಕಾದರು. ಆನೆ ಬಂದು ಅಟ್ಟಣೆಯನ್ನೇ ಎಳೆದು ಕೆಡವಿತು. ಅವನ ಹೆಂಡತಿ ಚಿಕ್ಕಮಾದಮ್ಮ ಸೊಂಟ ಮುರಿದುಕೊಂಡಳು.

ಮುಂದಿನ ಶ್ರಾವಣದಲ್ಲಿ ಚಿಕ್ಕಮಾದಯ್ಯ ಮನೆಗೆ ಬಂದು ಜಗಲಿಯ ಕೆಳಗೆ ನಿಂತ. ತಾಲ್ಲೂಕು ಕಚೇರಿಗೆ ಅಲೆದು ಬೆಳೆ ಕಾವಲಿನ ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಂಡು ಆ ನಾಡಕೋವಿ ಕೇಳಲು ಬಂದಿದ್ದ. ಆದರೆ ಅವನು ಬರುವಷ್ಟರಲ್ಲಿ ಮೈಸೂರಿನ ಕೋವಿ ವ್ಯಾಪಾರಿಯೊಬ್ಬ ಠಾಣೆಯಲ್ಲಿ ಕೋವಿಗಳನ್ನು ನೋಡಿ ಹೋಗಿದ್ದ. ಅವನ ಕಣ್ಣು ಬಿದ್ದದ್ದು ಬೆಳ್ಳಿಹೂವಿನ ಮೇಲೆ. ಇದು ಪಾಳೆಯಗಾರರ ಕಾಲದ್ದು, ಉಳಿದ ನಾಲ್ಕೂ ಸೇರಿದರೆ ಇದೊಂದಕ್ಕೆ ಸಮ ಎಂದು ಎಲ್ಲರ ಮುಂದೆ ಬೆಲೆ ಹೇಳಿಬಿಟ್ಟಿದ್ದ.

ಕೊಯಮತ್ತೂರಿನಿಂದ ಬಂದ ತೆರಿಗೆ ಅಧಿಕಾರಿ ಆ ಬೆಲೆಯನ್ನೇ ಹಿಡಿದರು. ಮುರುಕು ಕಬ್ಬಿಣ ಅಂತ ಹೇಳಿಬಿಡಿ ಅತ್ತಿಗೆ ಎಂದು ಗುರುಮಲ್ಲಪ್ಪ ಬಾಗಿಲ ಮರೆಯಿಂದ ಸನ್ನೆ ಮಾಡಿದ್ದೇ ಮಾಡಿದ್ದು. ಅತ್ತೆ ವ್ಯಾಪಾರಿ ಹೇಳಿದ್ದನ್ನು ಇದ್ದಹಾಗೆ ಹೇಳಿದಳು. ಆಮೇಲೆ, ಕಡಿಮೆಗೆ ಮಾರಿದರೆ ತೆರಿಗೆ ಇಳಿಯುತ್ತದೆಯೇ ಎಂದು ಕೇಳಿದಳು. ಅಧಿಕಾರಿ ಒಳ್ಳೆಯ ಮನುಷ್ಯ, ತಮಿಳು ಬೆರೆಸಿ ಬಿಡಿಸಿ ಹೇಳಿದರು: ಮಾರಿ ಬಂದ ಹಣಕ್ಕೂ ತೆರಿಗೆಗೂ ಸಂಬಂಧವಿಲ್ಲ, ಪೇಟೆಯಲ್ಲಿ ಎಷ್ಟು ಬೆಲೆಯೋ ಅಷ್ಟರ ಮೇಲೆ ತೆರಿಗೆ. ಪುಕ್ಕಟೆ ಕೊಟ್ಟರೂ ಕಟ್ಟಬೇಕು.

ಅತ್ತೆಗೆ ಹಣದ್ದಲ್ಲ ಸಂಕಟ. ವ್ಯಾಪಾರಿ ಕೊಂಡರೆ ಆ ಕೋವಿ ಯಾರದೋ ಬಂಗಲೆಯ ಗೋಡೆಯಲ್ಲಿ ನೇತುಬಿದ್ದು ಮತ್ತೆ ಜೀವ ತೆಗೆಯುವುದಿಲ್ಲ. ಚಿಕ್ಕಮಾದಯ್ಯನಿಗೆ ಕೊಟ್ಟರೆ ಅವನ ಬೆಳೆ ಉಳಿಯುತ್ತದೆ, ಆದರೆ ಗಂಡನಿಗೆ ಬೇಡವೆಂದದ್ದನ್ನು ತಾನೇ ಇನ್ನೊಬ್ಬನ ಕೈಗೆ ಕೊಟ್ಟಂತಾಗುತ್ತದೆ. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಅವನನ್ನು ಕರೆಸಿದಳು.

"ಬರೀ ಮದ್ದು ತುಂಬ್ಬೇಕು. ಗುಂಡು ಆಕ್ಕೂಡ್ದು ಕಣ್ಲಾ. ಸದ್ದಿಗೆ ಎದ್ರಿ ಓದ್ರೆ ಓಗ್ಲಿ. ಮಾದಪ್ಪನ ಆಣೆ ಮಡಗು, ಕೊಡ್ತೀನಿ."

ಅವನು ಬೆಟ್ಟದ ಮಾದಪ್ಪನ ಒಕ್ಕಲು. ಆ ಹೆಸರಿನಲ್ಲಿ ಆಣೆಯಿಟ್ಟರೆ ತಲೆ ಹೋದರೂ ತಪ್ಪುವಂತಿಲ್ಲ. ಇದನ್ನು ತಿಳಿದೇ ಅತ್ತೆ ಆ ಹೆಸರು ಹಿಡಿದದ್ದು. ಅವನು ಬೆಟ್ಟದ ದಿಕ್ಕಿಗೆ ಕೈ ಮುಗಿದು ಆಣೆಯಿಟ್ಟ. ಎಲೆಅಡಿಕೆಯ ಮೇಲೆ ಒಂದು ರೂಪಾಯಿ ಇಟ್ಟು ಬೆಳ್ಳಿಹೂವಿನ ಕೋವಿಯನ್ನು ಕೊಂಡ. ವ್ಯಾಪಾರಿ ಮುಖ ಸಣ್ಣದು ಮಾಡಿಕೊಂಡು ಉಳಿದ ನಾಲ್ಕನ್ನು ಒಯ್ದ. ಕೈಗೆ ಬಾರದ ಹಣಕ್ಕೂ ಸೇರಿಸಿ ಅತ್ತೆ ತೆರಿಗೆ ಕಟ್ಟಿದಳು. ಗುರುಮಲ್ಲಪ್ಪ ಮೂರು ತಿಂಗಳು ಮಾತು ಬಿಟ್ಟರು. ನಿಜ ಹೇಳಬೇಕೆಂದರೆ, ಮನೆ ಅಷ್ಟು ದಿನ ನೆಮ್ಮದಿಯಾಗಿತ್ತು.

ಆ ವರ್ಷ ಚಿಕ್ಕಮಾದಯ್ಯನ ಹೊಲ ಉಳಿಯಿತು. ಹೊಸರಾಗಿ ತಂದು ಜಗಲಿಯ ಮೇಲಿಟ್ಟು ಹೋದ. ಮರುವರ್ಷ ಸುಗ್ಗಿ ಮುಗಿದರೂ ಅವನ ಸುಳಿವಿಲ್ಲ. ಅತ್ತೆ ನನ್ನನ್ನು ಕರೆದುಕೊಂಡು ಹನೂರಿನ ಬಸ್ಸು ಹತ್ತಿದಳು. ಅಲ್ಲಿಂದ ನಡೆದು ಹೋಗಿ ನೋಡಿದರೆ ಹೊಲವೇ ಇಲ್ಲ. ರಾಗಿಯೆಲ್ಲ ತುಳಿತಕ್ಕೆ ಸಿಕ್ಕಿ ನೆಲ ಕಚ್ಚಿತ್ತು. ಚಿಕ್ಕಮಾದಯ್ಯ ಬದುವಿನ ಮೇಲೆ ಕೂತಿದ್ದವನು ನಮ್ಮನ್ನು ಕಂಡು ಎದ್ದು ನಿಂತ.

ಕೋವಿ ಸಿಡಿಯಲಿಲ್ಲವೇ ಎಂದು ಅತ್ತೆ ಕೇಳಿದಳು.

"ಸಿಡೀತು ಅವ್ವೋರೆ. ಎಲ್ಡ್ ಸಲ ಒಡ್ದೆ. ಆನೆ ಕಿವಿ ಬೀಸ್ಕಂಡು ನಿಂತ್ಕತ್ತು, ಬರೀ ಸದ್ದು ಅಂತ ಗೊತ್ತಾಗೋಗದೆ ಅದುಕ್ಕ. ಗುಂಡು ಸೊಂಟ್ದಲ್ಲೇ ಇತ್ತು. ಆಣೆ ಇತ್ತಲ್ಲ."

ಸಿಟ್ಟಿಲ್ಲದ ಮಾತು. ಅದೇ ನನಗೆ ಚುಚ್ಚಿತು. ಅತ್ತೆ ಹೊಲದೊಳಗೆ ಇಳಿದು ನಡೆದಳು. ಮಣ್ಣು ಹಸಿಯಿದ್ದಾಗ ಮೂಡಿ ಒಣಗಿದ ಮೊರದಗಲದ ಹೆಜ್ಜೆಗಳು, ಅವುಗಳ ಪಕ್ಕದಲ್ಲೇ ಊಟದ ತಟ್ಟೆಯಷ್ಟು ಸಣ್ಣ ಹೆಜ್ಜೆಗಳು. ಆ ಮರಿಹೆಜ್ಜೆಗಳ ಹತ್ತಿರ ಬಹಳ ಹೊತ್ತು ನಿಂತಳು. ಮಕ್ಕಳಿಲ್ಲದ ನನ್ನತ್ತೆ ಏನು ನೆನೆದಳೋ ನಾನು ಕೇಳಲಿಲ್ಲ.

ಚಿಕ್ಕಮಾದಯ್ಯ ಹಿಂದೆಯೇ ಬಂದು ಮೆಲ್ಲಗೆ ಕೇಳಿದ: "ಆಣೆ ಬುಡ್ಸೀರಾ ಅವ್ವೋರೆ?"

ಹೂಂ ಎನ್ನುತ್ತಾಳೆಂದೇ ನಾನು ತಿಳಿದೆ. ನಾನಾಗಿದ್ದರೆ ಅಂದುಬಿಡುತ್ತಿದ್ದೆ, ಗುಡಿಸಲ ಬಾಗಿಲಲ್ಲಿ ಸೊಂಟ ಹಿಡಿದುಕೊಂಡು ಕೂತ ಚಿಕ್ಕಮಾದಮ್ಮ ಕಣ್ಣಿಗೆ ಬೀಳುತ್ತಿದ್ದಳು. ಅತ್ತೆಯ ಕಣ್ಣಿನಲ್ಲಿ ನೀರಿತ್ತು, ಆದರೂ ತಲೆ ಅಲ್ಲಾಡಿಸಿದಳು.

"ಬುಡಾಕಾಗಲ್ಲ ಕಣ್ಲಾ ಮಾದಯ್ಯ. ಸತ್ತೋರ ಕೋವಿಗೆ ಅಂತ ಸರ್ಕಾರ ನನ್ತಾವ ಒಂದ್ಸಲ ತೆರ್ಗೆ ತಕಂತು. ಈ ಆಣೆ ಆಕ್ಸಿದೋಳು ನಾನು, ಇದ್ರ ತೆರ್ಗೆ ನಿನ್ ಹೊಟ್ಟೆ ಕಟ್ಬಾರ್ದು. ಅದು ತಿಂದಷ್ಟ ನಾನ್ ಕೊಡ್ತೀನಿ. ಪ್ರತಿ ವರ್ಸ."

ಅವನು ಕೈ ಮುಗಿದ. ಅವನಿಗೆ ಸಮಾಧಾನವಾಯಿತೆಂದು ನಾನು ಹೇಳಲಾರೆ.

ಕೊಳ್ಳೇಗಾಲಕ್ಕೆ ಬಂದವಳೇ ಅತ್ತೆ ನೆಲದಡಿ ರಾಗಿ ತುಂಬಿಟ್ಟ ಹಗೇವು ತೆಗೆಸಿದಳು. ಆಳುಗಳಿಗೆ ಬಿಡದೆ ತಾನೇ ಮೊರ ಹಿಡಿದು ಕೂತು, ಕಲ್ಲುಮಣ್ಣು ಇಲ್ಲದ ಹಾಗೆ ರಾಗಿ ಕೇರಿದಳು. ಗಾಡಿ ಹೊರಡುವಾಗ ಬಾಗಿಲಲ್ಲಿ ನಿಂತು, ಇನ್ನೊಂದು ಮೂಟೆ ಹಾಕಿ, ಮರಿಯೂ ತಿಂದಿದೆ ಎಂದಳು.