ಕಂಬಳಿ ತೆಗೆದ ಪೆಟ್ಟಿಗೆ

ಆಗ ಕೂಡ್ಲಿಗಿಯಲ್ಲಿ ಟಿ.ವಿ. ಕೆಟ್ಟರೆ ಯಾರೂ ಎಸೆಯುತ್ತಿರಲಿಲ್ಲ, ನಮ್ಮಪ್ಪನ ಹತ್ತಿರ ತರುತ್ತಿದ್ದರು. ರಿಪೇರಿ ಆದರೆ ಆಯಿತು, ಆಗದಿದ್ದರೆ ಅದರ ಹೊಟ್ಟೆಯೊಳಗಿನ ಅಂಗೈಯಗಲದ ಸ್ಪೀಕರ್ ಅಪ್ಪನ ಪಾಲು. ಅಪ್ಪ ಒಂದು ಕಚೇರಿಯಲ್ಲಿ ಜವಾನ. ಸಂಜೆಯಾದರೆ ಇದೇ ಹುಚ್ಚು. ನಮ್ಮ ಮಂಚದ ಕೆಳಗೆ ಕಾಗದದ ಮುಖದ ಸ್ಪೀಕರುಗಳು ರೊಟ್ಟಿ ಒಟ್ಟಿದಂತೆ ಕೂತಿರುತ್ತಿದ್ದವು. ನಿಮ್ಮ ಓಣಿಯಲ್ಲೂ ಇಂಥವರೊಬ್ಬರು ಇದ್ದಿದ್ದರೆ, ಬೆಸುಗೆ ಹಾಕುವಾಗ ಏಳುವ ಆ ರಾಳದ ಹೊಗೆ ನಿಮ್ಮ ಮೂಗಿನಲ್ಲೂ ಉಳಿದಿರುತ್ತದೆ.

ನಾನು ಹೇಳಹೊರಟಿರುವುದು ಅಪ್ಪನ ಕಿವಿ ಹೋದ ಚಳಿಗಾಲದ ಮಾತು. ಅದರಲ್ಲಿ ನನ್ನ ಕೈಯೂ ಇದೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಸಾಲಲಿಕ್ಕಿಲ್ಲ.

ನಾನು ಐದನೇ ಕ್ಲಾಸು. ಅಪ್ಪನಿಗೆ ಒಮ್ಮೆ ವಾಸಿಯಾಗಿದ್ದ ಕ್ಷಯ ಮತ್ತೆ ಮರಳಿತ್ತು. ಕೇರಿಯವರಿಗೆ ದಮ್ಮು ಅಂತ ಹೇಳಿದ್ದೆವು. ರಜೆ ಹಾಕಿ ಮನೆಯಲ್ಲಿರುತ್ತಿದ್ದ. ಹಿಡಿತುಂಬ ಮಾತ್ರೆ, ದಿನಾ ಆಸ್ಪತ್ರೆಗೆ ಹೋಗಿ ಒಂದು ಸೂಜಿ. ಅವ್ವ ಅವನಿಗೆಂದು ಬೇಯಿಸಿದ ಮೊಟ್ಟೆಯ ಹಳದಿ ಗುಟ್ಟಾಗಿ ನನ್ನ ಬಾಯಿಗೆ ಬರುತ್ತಿತ್ತು. ಹೊಟ್ಟೆಬಾಕಿ ನಾನು, ಒಂದು ದಿನವೂ ಬೇಡ ಅಂದವಳಲ್ಲ.

ಕೂತು ಬೇಸರವಾಗಿ ಅಪ್ಪ ನಮ್ಮ ಕೇರಿಯ ಬುದ್ಧ ವಿಹಾರಕ್ಕೆ ಒಂದು ಸ್ಪೀಕರ್ ಪೆಟ್ಟಿಗೆ ಮಾಡಲು ಶುರು ಮಾಡಿದ. ವಿಹಾರವೆಂದರೆ ತಗಡಿನ ಮಾಡಿನ ಒಂದು ಕೋಣೆ. ಅಲ್ಲಿದ್ದ ಹಳೇ ಹಾರ್ನಿನಲ್ಲಿ ಭಾನುವಾರದ ವಂದನೆ ಬಸ್‌ಸ್ಟ್ಯಾಂಡಿನ ಕೂಗಿನ ಹಾಗೆ ಬರುತ್ತಿತ್ತು. ಒಂದೇ ಒಂದು ಪುಟ್ಟ ಸ್ಪೀಕರಿನಿಂದ ಮನುಷ್ಯರು ಎದುರು ಕೂತು ಮಾತಾಡಿದಂತೆ ಕೇಳಿಸಬೇಕು ಅನ್ನುವುದು ಅಪ್ಪನ ಹಟ. ದೊಡ್ಡ ಪೆಟ್ಟಿಗೆಗಳಲ್ಲಿ ದಪ್ಪ ದನಿಗೊಂದು, ಸಣ್ಣ ದನಿಗೊಂದು ಬೇರೆ ಬೇರೆ ಸ್ಪೀಕರ್ ಇರುತ್ತವಲ್ಲ ಎಂದು ಯಾರೋ ಕೇಳಿದ್ದಕ್ಕೆ, "ಮನುಷ್ಯಾಗ ಎಷ್ಟು ಬಾಯಿ ಅದಾವು?" ಅಂದಿದ್ದ.

ಹಳೇ ಕಪಾಟಿನ ಹಲಗೆ ಕೊಯ್ದ. ನನ್ನ ಗಣಿತದ ನೋಟಿನ ಹಿಂದಿನ ಪುಟಗಳಲ್ಲಿ ಆಳ, ಅಗಲ, ಗಾಳಿ ಹೋಗುವ ತೂತಿನ ಅಳತೆ ಬರೆದು ಬರೆದು ಹೊಡೆದುಹಾಕಿದ. ಪೆಟ್ಟಿಗೆ ಸಣ್ಣದಾದರೆ ದನಿಗೆ ಉಸಿರು ಕಟ್ಟುತ್ತದಂತೆ, ದೊಡ್ಡದಾದರೆ ಡೊಳ್ಳಾಗುತ್ತದಂತೆ. ಒಳಗೆ ಸದ್ದು ತಿರುಗಿ ತಿರುಗಿ ಬಡಿಯಬಾರದೆಂದು ಅಜ್ಜಿಯ ಕಂಬಳಿ ಕತ್ತರಿಸಿ ಗೋಡೆಗಳಿಗೆ ಅಂಟಿಸಿದ. ಅಂಟು ಆರುವ ತನಕ ಮನೆಯೆಲ್ಲ ತೊಯ್ದ ಕುರಿಯ ವಾಸನೆ.

ಪರೀಕ್ಷೆಗೆಂದು ಒಂದು ಕ್ಯಾಸೆಟ್ಟು. ಒಂದು ಕಡೆ ನಾನು ಪಂಚಶೀಲ ಹೇಳಿದ್ದು, ಇನ್ನೊಂದು ಕಡೆ ಅವ್ವ ಮೊರದಲ್ಲಿ ಜೋಳ ಕೇರಿದ ಸದ್ದು. ಪಟ್ ಪಟ್ ಎಂದು ಮೊರದ ಪೆಟ್ಟು, ಅದರ ಬೆನ್ನಿಗೇ ಕಾಳು ಜಾರುವ ಸರಸರ. ಆ ಸರಸರ ಸರಿಯಾಗಿ ಬಂದರೆ ಎಲ್ಲವೂ ಬಂದಂತೆ ಅನ್ನುತ್ತಿದ್ದ. ಪೆಟ್ಟಿಗೆಯ ಎದುರು ಒಂದು ಮಣೆ, ಅದು ನನ್ನದು. ಕೇಳಿ ಹೇಳುವುದು ನನ್ನ ಕೆಲಸ. ಗೆಳತಿಯರು ಕುಂಟಾಬಿಲ್ಲೆಗೆ ಕರೆದರೆ, ನನಗೆ ಡ್ಯೂಟಿ ಐತಿ ಅಂತ ಜಂಬ ಕೊಚ್ಚುತ್ತಿದ್ದೆ.

ಮೊದಲ ಸಲ ಹಚ್ಚಿದಾಗ ನಾನು ಹಿಂದೆ ತಿರುಗಿ ನೋಡಿದೆ, ಅವ್ವ ಬಂದು ಕೇರುತ್ತಾ ಕೂತಿದ್ದಾಳೆಂದು. ಅವ್ವ ನೀರಿಗೆ ಹೋಗಿದ್ದಳು. ಅಪ್ಪ ನನ್ನ ಮುಖ ನೋಡಿ ನಕ್ಕುಬಿಟ್ಟ. ಅವನು ಅಷ್ಟು ನಕ್ಕಿದ್ದನ್ನು ಆಮೇಲೆ ನಾನು ನೋಡಿಲ್ಲ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಹಲಗೆಗೆ ಬಣ್ಣ ಹೊಡೆಯುವುದಷ್ಟೇ ಬಾಕಿ. ಎರಡು ವಾರದ ನಂತರ ಮತ್ತೆ ಅದೇ ಕ್ಯಾಸೆಟ್ಟು ಹಾಕಿ ಮುಖ ಸಿಂಡರಿಸಿದ.

"ಗ್ವಾಡಿ ಆಚಿಂದ ಬಂದಂಗ ಐತಿ" ಅಂದ. ಕಂಬಳಿ ಜಾಸ್ತಿಯಾಗಿ ಸಣ್ಣ ದನಿಯನ್ನೆಲ್ಲ ನುಂಗುತ್ತಿದೆ ಎಂದು ಒಂದು ಬದಿಯದು ಕಿತ್ತ. ನನಗೆ ಅದು ಆಗಲೇ ಹರಿತವಾಗಿ ಕೇಳಿಸಿತು. ಇನ್ನೊಂದು ಬದಿಯದೂ ಕಿತ್ತ.

"ಅಪ್ಪ, ಕೀರ್ ಅಂತೈತಿ. ಕಿವಿ ಚುಚ್ತೈತಿ" ಅಂದೆ.

ಅವನಿಗೆ ಎಲ್ಲಿತ್ತೋ ಸಿಟ್ಟು. ನಿನ್ನ ಕಿವಿಯಲ್ಲಿ ಹೊಲಸು ತುಂಬಿದೆ, ಏಳು, ಎಂದು ಮಣೆ ಎಳೆದು ಮೂಲೆಗೆ ಒಗೆದ. ಎರಡು ದಿನ ನನ್ನನ್ನು ಹತ್ತಿರ ಸೇರಿಸಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಅವ್ವನ ಹತ್ತಿರ ಹೋಗಿ ಅತ್ತೆ. "ಅವರ ಮೈಯಾಗ ನೆಟ್ಟಗಿಲ್ಲ. ಏನ್ ಕೇಳಿದ್ರೂ ಹೂಂ ಅನ್ನು" ಅಂದಳು ಅವ್ವ. ಅವಳದೇನೂ ತಪ್ಪಿಲ್ಲ, ಬೇನೆಯವರಿರುವ ಮನೆಯಲ್ಲಿ ಎಲ್ಲರೂ ಹೇಳುವ ಮಾತೇ ಅದು.

ಮೂರನೇ ದಿನ ಅಪ್ಪ ಕೇಳಿದ, "ಹೆಂಗ ಕೇಳ್ತೈತಿ?"

"ಚಲೋ ಐತಿ" ಅಂದೆ. ಮಣೆ ವಾಪಸ್ಸು ಬಂತು.

ಅಲ್ಲಿಂದ ದಿನಕ್ಕೊಂದು ತುಂಡು ಕಂಬಳಿ ಹೊರಬಿತ್ತು. ನಾನು ಅವನ್ನೆಲ್ಲ ಬಳಿದುಕೊಂಡು ಗೊಂಬೆಗೆ ಹಾಸಿ ಹೊದಿಸಿದೆ. ಕೊನೆಗೆ ಒಳಗೆ ಬರೀ ಹಲಗೆ ಉಳಿಯಿತು. ಅದೂ ಸಾಲದೆ, ಮದುವೆ ಪತ್ರಿಕೆಯ ದಪ್ಪ ಕಾಗದ ಸುತ್ತಿ ಒಂದು ಪುಟ್ಟ ಕೊಳವೆ ಮಾಡಿ ಸ್ಪೀಕರಿನ ನಡುವಿಗೆ ಅಂಟಿಸಿದ, ಸಣ್ಣ ದನಿ ಮುಂದೆ ಚಿಮ್ಮಲಿ ಎಂದು. ಅವ್ವನ ಜೋಳ ಈಗ ಪಾತ್ರೆಯ ತಳವನ್ನು ಚಾಕುವಿನಿಂದ ಕೆರೆದಂತೆ ಕೇಳಿಸುತ್ತಿತ್ತು. ಹಲ್ಲು ಜುಮ್ಮೆನ್ನುತ್ತಿತ್ತು. ಅಪ್ಪ ತಲೆಯಾಡಿಸಿ, ಹಾಂ, ಈಗ ಬಂತು ನೋಡು, ಅನ್ನುತ್ತಿದ್ದ. ನಾನು ಚಲೋ ಐತಿ ಅನ್ನುತ್ತಿದ್ದೆ.

ಒಂದು ಮಧ್ಯಾಹ್ನ ಅಪ್ಪ ಸೂರಿನತ್ತ ನೋಡುತ್ತಾ, ಈ ವರ್ಷ ಗುಬ್ಬಿ ಎಲ್ಲಿ ಹೋದವು ಎಂದು ಕೇಳಿದ. ಬುದ್ಧನ ಪಟದ ಹಿಂದೆ ಎರಡು ಗುಬ್ಬಿ ಚಿಂವ್ ಚಿಂವ್ ಎಂದು ಜಗಳಾಡುತ್ತಿದ್ದವು. ಚಾಷ್ಟಿ ಮಾಡುತ್ತಿದ್ದಾನೆ ಅಂತ ನಕ್ಕೆ.

ಮರುದಿನ ಶನಿವಾರ, ಮುಂಜಾನೆಯ ಶಾಲೆ. ಬಿಟ್ಟ ಮೇಲೆ ಅಪ್ಪನ ಜೊತೆ ಆಸ್ಪತ್ರೆಗೆ ಹೋದೆ. ಸೂಜಿ ಹಾಕುವ ಸಿಸ್ಟರು ಒಳ್ಳೆಯ ಹೆಂಗಸು. ಹಾಕುವ ಮೊದಲು ದಿನಾ ಕೇಳುತ್ತಿದ್ದರಂತೆ, ಅಂದೂ ಕೇಳಿದರು.

"ಕಿವ್ಯಾಗ ಗುಂಯ್ ಅಂತೈತೇನ್ರಿ? ಮಾತು ಸರಿ ಕೇಳ್ತಾವೇನ್ರಿ?"

ಈ ಸೂಜಿ ಕೆಲವರಿಗೆ ಕಿವಿ ತೆಗೆಯುತ್ತದೆ, ಅದಕ್ಕೇ ಕೇಳುವುದು ಎಂದೂ ಹೇಳಿದರು. ಅಪ್ಪ ನಕ್ಕ. "ಸ್ಪೀಕರ್ ಮಾಡಾವ ರಿ ನಾನು. ನನ್ನ ಕಿವಿಗೇನಾಗೈತಿ? ಬೇಕಾದ್ರ ನನ್ನ ಮಗಳ್ನ ಕೇಳ್ರಿ."

ಸಿಸ್ಟರು ನನ್ನ ಕಡೆ ನೋಡಿದರು. ಗುಬ್ಬಿಯ ಮಾತು ನಾಲಗೆಯ ತುದಿಯಲ್ಲಿತ್ತು. ಕೀರ್ ಅನ್ನುವ ಪೆಟ್ಟಿಗೆಯ ಮಾತೂ ಇತ್ತು. ಹೇಳಿದರೆ ಮಣೆ ಹೋಗುತ್ತದೆ. ನಾನು ಹೂಂ ಎಂದು ತಲೆಯಾಡಿಸಿದೆ. ಅವರು ಸೂಜಿ ಹಾಕಿದರು.

ಇನ್ನೂ ನಾಲ್ಕು ವಾರ ದಿನಾ ಹಾಕಿದರು.

ವಿಹಾರದಲ್ಲಿ ಪೆಟ್ಟಿಗೆ ಇಟ್ಟದ್ದು ಒಂದು ಭಾನುವಾರ ಬೆಳಿಗ್ಗೆ. ಮೈಕಿನ ಮುಂದೆ ನಿಂತು ಪಂಚಶೀಲ ಹೇಳಿಕೊಡುವವಳು ನಾನೇ. ಇಸ್ತ್ರಿ ಮಾಡಿದ ಬಿಳಿ ಫ್ರಾಕು, ಎರಡು ಜಡೆ. ಮೊದಲ ಶೀಲಕ್ಕೇ ಜನ ಬೆಚ್ಚಿದರು. ಎರಡನೆಯದಕ್ಕೆ ಒಂದು ಕೂಸು ಚೀರಿತು. ಮುದುಕಿಯರು ಸೆರಗಿನಿಂದ ಕಿವಿ ಮುಚ್ಚಿಕೊಂಡರು. ಸುಳ್ಳು ಹೇಳುವುದಿಲ್ಲ ಎನ್ನುವ ನಾಲ್ಕನೆಯ ಶೀಲಕ್ಕೆ ಬಂದಾಗ ವಿಹಾರ ನೋಡಿಕೊಳ್ಳುವ ತಿಪ್ಪಣ್ಣಜ್ಜ ಹಿಂದಿನಿಂದ, ಬಂದ್ ಮಾಡೋ ಎಂದು ಅಪ್ಪನನ್ನು ಕೂಗಿದ. ಮೂರು ಸಲ ಕೂಗಿದ. ಅಪ್ಪ ಪೆಟ್ಟಿಗೆಯ ಪಕ್ಕ ಕಣ್ಣು ಮುಚ್ಚಿ ನಿಂತಿದ್ದ, ಮುಖದ ತುಂಬ ಸಮಾಧಾನ. ತಿರುಗಲಿಲ್ಲ.

ಅವ್ವ ಎದ್ದು ಅವನ ಬೆನ್ನ ಹಿಂದೆ ಹೋಗಿ ನಿಂತಳು. "ಏನ್ರೀ" ಅಂದಳು. ಇನ್ನೊಮ್ಮೆ ಅಂದಳು. ಆಮೇಲೆ ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕೂತಳು.

ಮರುದಿನ ಡಾಕ್ಟರು ಸೂಜಿ ನಿಲ್ಲಿಸಿದರು. "ಹೋದದ್ದು ತಿರುಗಿ ಬರಂಗಿಲ್ಲ. ತಿಂಗಳ ಹಿಂದ ಹೇಳಿದ್ರ ಆವಾಗ್ಲೇ ನಿಲ್ಲಸ್ತಿದ್ವಿ" ಅಂದರು ಅವ್ವನಿಗೆ. ಸಿಸ್ಟರು ನನ್ನನ್ನು ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಕ್ಷಯ ವಾಸಿಯಾಯಿತು. ಅಷ್ಟಿಷ್ಟು ಕೇಳುತ್ತಿದ್ದದ್ದೂ ಮುಂಗಾರಿನ ಹೊತ್ತಿಗೆ ಹೋಯಿತು. ಅಪ್ಪ ಮತ್ತೆ ಪೆಟ್ಟಿಗೆ ಮಾಡಲಿಲ್ಲ. ಮಂಚದ ಕೆಳಗಿನ ಸ್ಪೀಕರುಗಳನ್ನು ಇಲಿ ತಿಂದವು. ಯಾಕೆ ಹೇಳಲಿಲ್ಲ ಎಂದು ಅವನು ನನ್ನನ್ನು ಒಂದು ದಿನವೂ ಕೇಳಲಿಲ್ಲ. ಅವನ ನೆನಪಿನಲ್ಲಿ ನಾನು ಅವತ್ತು ಸಿಸ್ಟರ ಮುಂದೆ ನಿಜವನ್ನೇ ಹೇಳಿದ ಮಗಳು.

ಈಗ ನಾನು ಹಗರಿಬೊಮ್ಮನಹಳ್ಳಿಯಲ್ಲಿ ಟೀಚರು. ಅವ್ವ ಹೋಗಿ ಮೂರು ವರ್ಷ, ಅಪ್ಪ ನಮ್ಮ ಜೊತೆಗೇ ಇದ್ದಾನೆ. ಏನು ಹೇಳಬೇಕಾದರೂ ಒಂದು ನೋಟಿನಲ್ಲಿ ಬರೆದು ತೋರಿಸುತ್ತೇವೆ. ಟಿ.ವಿ.ಗಳು ಪಾಟಿಯಷ್ಟು ತೆಳ್ಳಗಾಗಿವೆ, ಕೆಟ್ಟರೆ ಗುಜರಿಗೆ. ಜೋಳ ಹಸನು ಮಾಡಿಯೇ ಚೀಲದಲ್ಲಿ ಬರುತ್ತದೆ, ಮನೆಯಲ್ಲಿ ಮೊರವೇ ಇಲ್ಲ. ಗುಬ್ಬಿಯೂ ಇಲ್ಲ, ಈಗ ನಿಜಕ್ಕೂ ಇಲ್ಲ.

ಹೋದ ತಿಂಗಳು ಹಳೇ ಟ್ರಂಕು ತೆಗೆದಾಗ ಆ ಕ್ಯಾಸೆಟ್ಟು ಸಿಕ್ಕಿತು. ಗೊಂಬೆಯ ಹಾಸಿಗೆಯಾಗಿದ್ದ ಕಂಬಳಿ ತುಂಡುಗಳೂ ಇದ್ದವು. ಪರಿಚಯದವರಿಂದ ಕ್ಯಾಸೆಟ್ಟನ್ನು ಮೊಬೈಲಿಗೆ ಹಾಕಿಸಿ, ಅವತ್ತು ವಿಹಾರದಿಂದ ವಾಪಸ್ಸು ಬಂದು ಅಟ್ಟ ಸೇರಿದ್ದ ಪೆಟ್ಟಿಗೆ ಇಳಿಸಿ ಜೋಡಿಸಿದೆ. ಅಪ್ಪ ಬಂದು ಅದರ ಬದಿಗೆ ಅಂಗೈ ಹಚ್ಚಿ ಕೂತ. ಮೊರದ ಪೆಟ್ಟು ಬಿದ್ದಂತೆಲ್ಲ ಹಲಗೆ ಅದುರಿರಬೇಕು.

"ನಿಮ್ಮವ್ವ" ಅಂದ.

ಕಾಳಿನ ಸರಸರ ಮನೆಯನ್ನು ಕೆರೆಯುತ್ತಿತ್ತು. ನನ್ನ ಮಗಳು ಎರಡೂ ಕಿವಿ ಮುಚ್ಚಿಕೊಂಡು ಅಡಿಗೆಮನೆಗೆ ಓಡಿದಳು. ಅಪ್ಪ ಕೈ ತೆಗೆಯದೆ ನನ್ನ ಮುಖ ನೋಡಿ, ಇಷ್ಟು ವರ್ಷಗಳ ಮೇಲೆ ಕೇಳಿದ, "ಹೆಂಗ ಕೇಳ್ತೈತಿ?"

ನೋಟು ನನ್ನ ತೊಡೆಯ ಮೇಲಿತ್ತು, ಪೆನ್ನು ಕೈಯಲ್ಲೇ ಇತ್ತು. ಇಲ್ಲಿ ಇಷ್ಟುದ್ದ ಬರೆದದ್ದನ್ನು ಅಲ್ಲಿ ಎರಡು ಸಾಲಿನಲ್ಲಿ ಬರೆಯಬಹುದಿತ್ತು. ಚಲೋ ಐತಿ ಎಂದು ಬರೆದು ತೋರಿಸಿದೆ. ಅಪ್ಪ ಓದಿ ತಲೆಯಾಡಿಸಿ, ಮೊಬೈಲು ತೆಗೆದುಕೊಂಡು ಸದ್ದು ಇನ್ನಷ್ಟು ಏರಿಸಿದ.